ಚೆನ್ನಿಯ ಕೊನೆಯ ಪುಟ

ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಕೊನೆಯ ಪುಟ ತಮಗೆ ಕಾಣಿಸಿತು ಎಂದೇ ಹೇಳುತ್ತಾರೆ. ಶುದ್ಧ ಸುಳ್ಳು. ನಲವತ್ತೊಂದು ವರ್ಷದಿಂದ ನಾನು ಈ ಊರಿನ ನೀರು ಕುಡಿಯುತ್ತಿದ್ದೇನೆ, ಅದರಲ್ಲಿ ಹದಿನೆಂಟು ವರ್ಷ ಇದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ. ಮುಖ ನೋಡಿ ಸುಳ್ಳು ಹಿಡಿಯುವುದು ನನ್ನ ಕಸುಬಿನ ಅರ್ಧ ಭಾಗ. ಹೋಂವರ್ಕ್ ಪುಸ್ತಕ ಮನೆಯಲ್ಲೇ ಮರೆತೆ ಎನ್ನುವ ಹುಡುಗಿಯ ಕಣ್ಣು ಎಲ್ಲೆಲ್ಲಿ ಓಡಾಡುತ್ತದೋ, ಓದುಮನೆಯಲ್ಲಿ ನಿಂತು ಕೊನೆಯ ಪುಟ ಓದುವ ದೊಡ್ಡ ಮನುಷ್ಯರ ಕಣ್ಣೂ ಅಲ್ಲಲ್ಲೇ ಓಡಾಡುತ್ತದೆ. ಸೂರು ನೋಡುತ್ತಾರೆ, ಬಾಗಿಲು ನೋಡುತ್ತಾರೆ, ಬಂದ ಜನರನ್ನು ಲೆಕ್ಕ ಹಾಕುತ್ತಾರೆ. ಪುಟವನ್ನು ಮಾತ್ರ ನೋಡುವುದಿಲ್ಲ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರ ನಡುವೆ ಓದುಮನೆ ಇದೆ. ಅದರೊಳಗೆ ಒಂದು ಪುಸ್ತಕ, ಪುಸ್ತಕದಲ್ಲಿ ಒಂದೇ ಒಂದು ಕಥೆ. ಬರೆದವರು ಯಾರೋ ಗೊತ್ತಿಲ್ಲ. ಯಾರಾದರೂ ಇನ್ನೊಬ್ಬರಿಗೆ ದೊಡ್ಡ ಕೇಡು ಮಾಡಿದರೆ ಅವರು ಗಡಿಕಲ್ಲಿನ ಆಚೆಗಿರುವ ಗುಡಿಸಲಿಗೆ ಹೋಗಿ ಇರಬೇಕು. ಅವರೊಡನೆ ಯಾರೂ ಮಾತಾಡುವಂತಿಲ್ಲ. ಅವರ ಕೆಲಸವನ್ನು ಮತ್ತೊಬ್ಬರು ಮುಟ್ಟುವಂತಿಲ್ಲ. ನೊಂದವರು ಅವರನ್ನು ಓದುಮನೆಗೆ ಕರೆಸಿ, ಎದುರಿಗೆ ಮಣೆಯ ಮೇಲೆ ಕೂರಿಸಿ, ಆ ಕಥೆಯ ಕೊನೆಯ ಪುಟವನ್ನು ಊರಿಗೆ ಕೇಳಿಸುವಂತೆ ಓದಿದ ದಿನ ಅವರು ಮನೆಗೆ ಹೋಗಬಹುದು. ಆ ಪುಟ ಸದಾ ಬಿಳಿಯ ಹಾಳೆ. ಎದುರಿಗೆ ಕೂತವರನ್ನು ನಿಜವಾಗಿ ಕ್ಷಮಿಸಿದವರಿಗೆ ಮಾತ್ರ ಅದರಲ್ಲಿ ಅಕ್ಷರ ಕಾಣಿಸುತ್ತದೆ. ಇಷ್ಟೇ ವಿಷಯ. ಯಾಕೆ ಹಾಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಊರಿನಲ್ಲಿ ಊಟ ಆಯ್ತಾ ಎನ್ನುವ ಹಾಗೆ ನಮ್ಮಲ್ಲಿ ಎದುರಾದವರು “ಪುಟ ಕಾಣ್ತಾ?” ಎಂದು ವಿಚಾರಿಸಿಕೊಳ್ಳುತ್ತಾರೆ. “ಕಾಣ್ತು, ಕಾಣ್ತು” ಎಂದು ಇವರು ಹೇಳಿ ಮುಂದೆ ಹೋಗುತ್ತಾರೆ. ಕಾಣದಿದ್ದರೆ ಮಾನ ಹೋಗಬಾರದಲ್ಲ, ಅದಕ್ಕೆ ಮೂರನೇ ಕ್ಲಾಸಿನಲ್ಲೇ ಎಲ್ಲ ಮಕ್ಕಳಿಗೂ ಆ ಪುಟವನ್ನು ಬಾಯಿಪಾಠ ಮಾಡಿಸಿಬಿಡುತ್ತಾರೆ.

ಕಥೆ ದೊಡ್ಡದೇನಲ್ಲ. ಬೆಟ್ಟದ ದಾರಿಯಲ್ಲಿ ಒಂಟಿ ಮನೆ, ಅದರಲ್ಲಿ ಚೆನ್ನಿ ಎಂಬ ಹೆಂಗಸು. ಅವಳ ಒಬ್ಬನೇ ಮಗನನ್ನು ದಾರಿಯಲ್ಲಿ ಯಾರೋ ಹೊಡೆದು ಕೊಂದಿದ್ದಾರೆ. ಆದರೂ ಅವಳು ದಿನಾ ಸಂಜೆ ದಾರಿಹೋಕರಿಗಾಗಿ ಗೂಡಿನಲ್ಲಿ ದೀಪ ಇಡುತ್ತಾಳೆ. ಒಂದು ದಿನ ಆ ದೀಪ ನೋಡಿಕೊಂಡು ಒಬ್ಬ ಬರುತ್ತಾನೆ, ನೀರು ಕೇಳುತ್ತಾನೆ, ಜಗಲಿಯ ಮೇಲೆ ಮಲಗುತ್ತಾನೆ. ಅವನು ಹೊದ್ದ ಕೆಂಪು ಅಂಚಿನ ಕಂಬಳಿ ಅವಳ ಮಗನದು. ಚೆನ್ನಿ ಒಳಗೆ ಹೋಗಿ ಕುಡುಗೋಲು ತಂದು ಅವನ ತಲೆಯ ಹತ್ತಿರ ಕೂರುತ್ತಾಳೆ. ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲಿಯವರೆಗೆ ಅಚ್ಚು ಹಾಕಿ ಮೂರು ಚುಕ್ಕೆ ಇಡುತ್ತಾರೆ. ಮುಂದಿನದು ಬಾಯಿಪಾಠ: “ಆಗ ಆ ಮಹಾತಾಯಿಯು ಕುಡುಗೋಲನ್ನು ದೂರ ಎಸೆದು, ಅವನ ತಲೆಯನ್ನು ನೇವರಿಸಿ, ಏಳು ಮಗನೇ, ನಿನ್ನ ಅಪರಾಧಗಳನ್ನೆಲ್ಲ ಮರೆತಿದ್ದೇನೆ, ಕ್ಷಮೆಯೇ ಬಾಳಿನ ಬೆಳಕು, ಸುಖವಾಗಿ ಹೋಗಿ ಬಾ ಎಂದು ಹರಸಿದಳು. ಅವಳ ದೀಪವು ಸಾವಿರ ಸೂರ್ಯರಂತೆ ಬೆಳಗಿತು. ನೆರೆದ ಜನರೆಲ್ಲ ಆನಂದಬಾಷ್ಪ ಸುರಿಸಿದರು.”

ಹತ್ತನೇ ಕ್ಲಾಸಿನಲ್ಲಿ ಪ್ರತಿ ವರ್ಷ ಇದರ ಮೇಲೆ ಒಂದು ಪ್ರಶ್ನೆ ಖಾಯಂ. ಕಥೆಯಲ್ಲಿ ನಂಬಿಕೆ ಮತ್ತು ಕ್ಷಮೆಯನ್ನು ಮೂಡಿಸುವ ಸಾಹಿತ್ಯಾಂಶಗಳನ್ನು ವಿವರಿಸಿ, ಅಂಕ ಐದು. ದೀಪ ನಂಬಿಕೆಯ ಸಂಕೇತ, ಕುಡುಗೋಲು ಸೇಡಿನ ಸಂಕೇತ, ಒಂಟಿ ಮನೆ ತಾಯಿಯ ಮನಸ್ಸಿನ ಸಂಕೇತ ಎಂದು ಮಕ್ಕಳು ಬರೆಯುತ್ತಾರೆ. ನಾನು ಐದಕ್ಕೆ ನಾಲ್ಕೂವರೆ ಹಾಕುತ್ತೇನೆ. ಬಿ.ಎಡ್. ಮುಗಿಸಿ ಹೊಸದಾಗಿ ಸೇರಿದ್ದಾಗ ಟೀಚರುಗಳ ಸಭೆಯಲ್ಲಿ ನಾನೊಂದು ಮಾತು ಕೇಳಿದ್ದೆ. ಈ ಕಥೆಗಾರ ಕಥೆಯುದ್ದಕ್ಕೂ ಒಂದೇ ಒಂದು ಹೊಗಳಿಕೆಯ ಪದ ಬಳಸಿಲ್ಲ. ಚೆನ್ನಿ ಇಡೀ ಕಥೆಯಲ್ಲಿ ಆಡುವುದು ಮೂರೇ ಮಾತು, ಒಂದೊಂದೂ ಒಂದೊಂದೇ ಪದ: ‘ಯಾರು’, ‘ಕುಡಿ’, ‘ಮಲಗು’. ಅಂಥವಳು ಕೊನೆಗೆ ಭಾಷಣ ಹೇಗೆ ಬಿಗಿದಳು? ಒಂಟಿ ಮನೆಯ ಜಗಲಿಗೆ ನೆರೆದ ಜನ ಎಲ್ಲಿಂದ ಬಂದರು? ಎಲ್ಲರೂ ನನ್ನನ್ನು ಕೆಟ್ಟ ಮಾತಾಡಿದವಳಂತೆ ನೋಡಿದರು. ಹೆಡ್ ಮಾಸ್ಟರು ಕೆಮ್ಮಿ, ಬಿಸಿಯೂಟದ ಅಕ್ಕಿಯ ವಿಷಯಕ್ಕೆ ಹೋದರು. ನಾನೂ ಬಾಯಿ ಮುಚ್ಚಿಕೊಂಡೆ. ಹದಿನೆಂಟು ವರ್ಷ ಅದೇ ಸಾವಿರ ಸೂರ್ಯರನ್ನು ಮಕ್ಕಳ ಬಾಯಿಗೆ ತುರುಕಿದೆ. ಈಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಇನ್ನು ವನಜಳ ವಿಷಯ. ವನಜ ನನ್ನ ತಂಗಿ. ಅವಳಿಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು, ಆಮೇಲೆ ಅವಳ ತಲೆ ಬಾಚಿದ್ದು, ಸ್ಕೂಲಿಗೆ ಕಳಿಸಿದ್ದು, ಬೈದದ್ದು, ಮುದ್ದು ಮಾಡಿದ್ದು ಎಲ್ಲ ನಾನೇ. ಹೊಲಿಗೆ ಕಲಿತು ಬೀದಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ತುಂಬಾ ಮಾತು. ಮಷಿನ್ ತುಳಿಯುತ್ತಾ ಮಾತಾಡುತ್ತಾ ತೋಳನ್ನು ತಿರುವು ಮುರುವು ಹೊಲಿದು, ಮತ್ತೆ ಬಿಚ್ಚಿ ಹೊಲಿಯುವಳು. ಮೊನ್ನೆ ಆಷಾಢದಲ್ಲಿ ಒಂದು ಬೆಳಿಗ್ಗೆ ಮನೆಯ ದುಪ್ಪಟಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಕಾಲುವೆಗೆ ಒಗೆಯಲು ಹೋದಳು. ಕೆರೆಯ ತೂಬು ಎತ್ತಿದರು. ನೀರು ಒಮ್ಮೆಲೇ ನುಗ್ಗಿತು. ದುಪ್ಪಟಿಗಳು ಮುಳ್ಳುಬೇಲಿಗೆ ಸಿಕ್ಕಿಕೊಂಡವು. ಅವಳು ಅರ್ಧ ಮೈಲಿ ಕೆಳಗೆ ಸಿಕ್ಕಳು.

ತೂಬು ಎತ್ತುವವನು ಕಾಳಿಂಗ, ನಮ್ಮೂರ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಂಡು ಬಿಡುವುದು ಅವನ ಮನೆತನದ ಕೆಲಸ. ತೂಬು ಎತ್ತುವ ಮೊದಲು ಹಿತ್ತಾಳೆಯ ಜಾಗಟೆಯನ್ನು ಮೂರು ಸಲ ಬಾರಿಸಬೇಕು. ಕಾಲುವೆಯಲ್ಲಿ ಇಳಿದವರು ಮೇಲೆ ಹತ್ತುವಷ್ಟು ಹೊತ್ತು ಕಾಯಬೇಕು. ಅವನು ಅವತ್ತು ಬಾರಿಸಲಿಲ್ಲ. ಮರೆತ ಎಂದರು. ಮರೆತನಂತೆ! ನನ್ನ ತಂಗಿಯನ್ನು ಒಬ್ಬ ಮರೆತು ಕೊಂದನಂತೆ. ಅದೇ ದಿನ ಅವನು ಗಡಿಕಲ್ಲು ದಾಟಿ ಗುಡಿಸಲಿಗೆ ಹೋದ. ಹೋಗುವಾಗ ನಮ್ಮ ಬಾಗಿಲಲ್ಲಿ ಒಂದು ಕ್ಷಣ ನಿಂತ. ನಾನು ಕೈಗೆ ಸಿಕ್ಕ ಚೊಂಬನ್ನು ಎಸೆದೆ. ಅದು ಅವನ ಹಣೆಗೆ ತಗುಲಿತು.

ಇಪ್ಪತ್ತನೆಯ ದಿನಕ್ಕೆ ಓದುಮನೆ ಸಮಿತಿಯ ಅಧ್ಯಕ್ಷರು ಮರಿದೇವಯ್ಯನವರು ಇಬ್ಬರನ್ನು ಜೊತೆಗೆ ಕರೆದುಕೊಂಡು ಬಂದರು. ಬಿಳಿ ಜುಬ್ಬ, ಹೆಗಲ ಮೇಲೆ ಮಡಿಸಿದ ಟವೆಲ್, ಬೆಣ್ಣೆಯಂಥ ಮಾತು. ಕಾಫಿ ಬೇಡವೆಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಕುಡಿದರು. ವನಜಳ ಹೊಲಿಗೆ ಮಷಿನ್ನಿನ ಮೇಲೆ ಲೋಟ ಇಟ್ಟರು. ನಾನು ಲೋಟ ಎತ್ತಿ ನೆಲದ ಮೇಲೆ ಕುಕ್ಕಿದೆ.

“ದಾಕ್ಷಾಯಣಿ ಟೀಚರೇ,” ಎಂದರು, “ಆದದ್ದು ಆಗಿ ಹೋಯ್ತು. ನಿಮ್ಮ ಸಂಕಟ ನಮಗೂ ಗೊತ್ತು. ಬರೋ ಸೋಮವಾರ ಒಂದು ಓದು ಇಟ್ಟುಕೊಂಡರೆ ಹೆಂಗೆ ಅಂತ.”

“ಇಪ್ಪತ್ತು ದಿನಕ್ಕಾ?”

“ಹಂಗಲ್ಲ. ಸಸಿಮಡಿ ಎಲ್ಲ ಹಳದಿಗೆ ತಿರುಗ್ತಾ ಇದೆ. ಕೆರೆ ತುಂಬಾ ನೀರಿದೆ, ತೂಬು ಮುಟ್ಟೋ ಹಕ್ಕು ಅವನೊಬ್ಬನಿಗೇ. ಊರಿನ ಕಟ್ಟಳೆ ನಿಮಗೆ ಗೊತ್ತಲ್ಲ. ಅವನು ಬಂದರೆ ನಾಟಿ ಆಗುತ್ತೆ.”

ಮೈಯೆಲ್ಲ ಉರಿದು ಹೋಯಿತು. ಇವರಿಗೆ ಬೇಕಾದದ್ದು ನನ್ನ ಕ್ಷಮೆಯಲ್ಲ, ಗದ್ದೆಗೆ ನೀರು. “ನಾನು ಅವನನ್ನು ಕ್ಷಮಿಸಿಲ್ಲ,” ಎಂದೆ. “ನನಗೆ ಪುಟ ಬಿಳಿಯಾಗಿಯೇ ಕಾಣುತ್ತೆ.”

ಮರಿದೇವಯ್ಯನವರು ಜೊತೆಯವರನ್ನೊಮ್ಮೆ ನೋಡಿ ನಕ್ಕರು. “ನೀವೇ ಮಕ್ಕಳಿಗೆ ಬಾಯಿಪಾಠ ಮಾಡಿಸೋರು. ಕಂಡರೂ ಒಂದೇ, ಕಾಣದಿದ್ದರೂ ಒಂದೇ. ಓದಿಬಿಡಿ ತಾಯಿ. ಓದುಮನೆಯ ನೂರು ವರ್ಷದ ಸಮಾರಂಭದಲ್ಲಿ ನಂಬಿಕೆ, ಕ್ಷಮೆ ಅಂತ ಎಂಥಾ ಭಾಷಣ ಮಾಡಿದ್ರಿ! ನಮ್ಮ ಮನೆಯವರು ಇವತ್ತಿಗೂ ನೆನೆಸಿಕೊಳ್ತಾರೆ.”

ಅವರು ಹೋದ ಮೇಲೆ ನನಗೆ ಅವ್ವನ ನೆನಪಾಯಿತು. ನನಗೆ ಒಂಬತ್ತು ವರ್ಷವಿದ್ದಾಗ ಅವ್ವ ಓದುಮನೆಯಲ್ಲಿ ಅಪ್ಪನಿಗಾಗಿ ಓದಿದ್ದಳು. ಅಪ್ಪ ಏನು ಮಾಡಿದ್ದನೆಂದು ಇಲ್ಲಿ ಹೇಳುವುದಿಲ್ಲ. ಅವ್ವ ಪಟಪಟ ಓದಿದಳು, ಒಂದಕ್ಷರ ತಪ್ಪಲಿಲ್ಲ, ಜನ ತಲೆದೂಗಿದರು. ಅವಳ ಕಣ್ಣು ಪೂರಾ ಬಾಗಿಲ ಹೊರಗಿತ್ತು. ಮನೆಗೆ ಬಂದು, ಸಾಯುವವರೆಗೆ, ಅವಳು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಏಳಿ, ಬಾಗಿಲು ಹಾಕಿ, ಅಷ್ಟೇ. ಊರಿನ ದೃಷ್ಟಿಯಲ್ಲಿ ಅದು ಮುಗಿದುಹೋದ ವಿಷಯ.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟೊಡನೆ ನಾನು ಗಡಿಕಲ್ಲಿನ ಕಡೆಗೆ ನಡೆದೆ. ಅವನ ಜೊತೆ ಮಾತಾಡುವಂತಿಲ್ಲ ಎನ್ನುವುದು ಕಟ್ಟಳೆ. ಕಟ್ಟಳೆ ಕಟ್ಟಿಕೊಂಡು ನನಗೇನಾಗಬೇಕು? ಮುಖಕ್ಕೆ ಉಗಿದು, ಬಾಯಿಗೆ ಬಂದಂತೆ ಬೈದು, ಸೋಮವಾರ ಎಲ್ಲರೆದುರಿಗೆ ಪುಟ ಬಿಳಿ ಎಂದು ಹೇಳಿಬಿಡುತ್ತೇನೆ, ನೀನು ಸಾಯುವವರೆಗೆ ಇಲ್ಲೇ ಕೊಳೆ ಎಂದು ತಿಳಿಸಿ ಬರಬೇಕೆಂದಿದ್ದೆ. ಓದುಮನೆಯಲ್ಲಿ ಇದುವರೆಗೆ ಯಾರೂ ಪುಟ ಬಿಳಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಹೇಳುವವಳಿದ್ದೆ.

ಕಾಳಿಂಗ ಗುಡಿಸಲಿನ ಮುಂದೆ ಕೂತು ಜೊಂಡು ಹೆಣೆಯುತ್ತಿದ್ದ. ಹಣೆಯ ಮೇಲೆ ಚೊಂಬು ಬಿದ್ದ ಗಾಯ ಕಪ್ಪಗಾಗಿತ್ತು. ಇಪ್ಪತ್ತಮೂರು ದಿನದಿಂದ ಮನುಷ್ಯರ ದನಿ ಕೇಳದವನು ನನ್ನನ್ನು ನೋಡಿ ಎದ್ದು ನಿಂತ. ಹಿಂದೆ ನಾನು ಅವನನ್ನು ಕಾಳಿಂಗಣ್ಣ ಎನ್ನುತ್ತಿದ್ದೆ. ಅವತ್ತು ಹೆಸರೂ ಹಿಡಿಯಲಿಲ್ಲ.

“ಒಂದು ಜಾಗಟೆ ಬಾರಿಸೋಕೆ ನಿನ್ನ ಕೈಗೇನು ರೋಗ ಬಂದಿತ್ತು?” ಎಂದೆ. “ಮೂರು ಏಟು. ಮೂರೇ ಮೂರು ಏಟು. ಅದನ್ನೂ ಮರೆತೆಯಾ?”

ಅವನಿಗೆ ಮಾತಾಡುವುದು ಮರೆತುಹೋಗಿತ್ತೋ ಏನೋ. ಎರಡು ಸಲ ಗಂಟಲು ಸರಿಮಾಡಿಕೊಂಡ. “ಮರೀನಿಲ್ಲ ಅಮ್ಮಾವ್ರೆ,” ಎಂದ. “ಜಾಗಟೆ ಇರ್ಲಿಲ್ಲ.”

“ಇರಲಿಲ್ಲ ಅಂದರೆ?”

“ಓದುಮನೆಗೆ ನೂರು ವರ್ಸ ತುಂಬ್ತಲ್ಲ, ಆಗ ಎಂಟು ದಿನಕ್ಕೆ ಬೇಕು ಅಂತ ಮರಿದೇವಯ್ನೋರು ಇಸ್ಕೊಂಡೋದ್ರು. ಓದೋಕ್ ಮುಂಚೆ ಬಾರ್ಸಿದ್ರೆ ಗನವಾಗಿರ್ತದೆ ಅಂತ. ಆಮೇಲೆ ಸದ್ದು ಚೆಂದಾಗದೆ, ಇಲ್ಲೇ ಇರ್ಲಿ ಅಂದ್ರು. ನಾಕು ಸಲ ಹೋಗಿ ಕೇಳ್ದೆ. ‘ಯಾಕಯ್ಯ, ನಿಂಗೆ ಬಾಯಿಲ್ವಾ, ಕೂಗಿ ಹೇಳು’ ಅಂದ್ರು. ಅವತ್ತಿಂದ ಕೂಗೇ ನೀರ್ ಬಿಡ್ತಿದ್ದೆ.”

ನಾನು ಅಲ್ಲಿದ್ದ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಸಮಾರಂಭದಲ್ಲಿ ನನ್ನ ಭಾಷಣಕ್ಕೆ ಮುಂಚೆ ಅದೇ ಜಾಗಟೆ ಬಾರಿಸಿದ್ದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತ್ತು. ನಾನೂ ತಟ್ಟಿದ್ದೆ. ಎಷ್ಟು ಒಳ್ಳೆಯ ನಾದ ಎಂದು ಪಕ್ಕದಲ್ಲಿ ಕೂತ ವನಜಳಿಗೆ ಹೇಳಿದ್ದೆ.

“ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ?”

“ಯಾರು ಕೇಳಿದ್ರು? ಮಣೆ ಮೇಲೆ ಕೂರೋನು ಬಾಯ್ ಬಿಡಂಗಿಲ್ಲ. ಇಲ್ಲಿಗ್ ಬಂದ್ಮೇಲೆ ಮಾತಾಡಂಗಿಲ್ಲ. ಇನ್ನೆಲ್ಲಿ ಹೇಳ್ಲಿ?” ಅವನು ಹೆಣೆಯುತ್ತಿದ್ದ ಜೊಂಡನ್ನು ಕೆಳಗಿಟ್ಟ. “ಜಾಗಟೆ ಮೇಲೆ ಹಾಕ್ಬುಟ್ಟು ನಾ ತಪ್ಪಿಸ್ಕೊಳಾಕಿಲ್ಲ ಅಮ್ಮಾವ್ರೆ. ಕೂಗೋದ್ ಸಾಲ್ದು ಅಂತ ನಂಗೂ ಗೊತ್ತಿತ್ತು. ಅದಕ್ಕೇ ದಿನಾ ಕೂಗಿ, ಏರಿ ಇಳ್ದು, ಕೇದಿಗೆ ಮೆಳೆ ಹಿಂದ್ಗಡೆ ಯಾರಾದ್ರೂ ಅವ್ರಾ ಅಂತ ನೋಡ್ಕೊಂಡ್ ಬರ್ತಿದ್ದೆ. ಅವತ್ತು ಇಳೀಲಿಲ್ಲ. ಬೀಡಿ ಹಚ್ಚಿದ್ದೆ. ಇಳಿದು ಹತ್ತೋ ಒಳಗೆ ಆರೋಗ್ತದಲ್ಲ ಅಂತ ಅಲ್ಲೇ ನಿಂತ್ಕಂಡೆ. ಒಂದು ಬೀಡಿಗೆ ಅಮ್ಮಾವ್ರೆ. ಎರಡು ಸಲ ಕೂಗ್ದೆ, ತೂಬು ಎತ್ತಿದೆ.”

ಅವನನ್ನು ಹೊಡೆಯಬೇಕೆನ್ನಿಸಿತು. ಒಂದು ಬೀಡಿಗೆ! ಎದ್ದು ಹೋಗಬೇಕೆಂದು ಎರಡು ಸಲ ಕಾಲು ಎಳೆದುಕೊಂಡೆ. ಹೋಗಲಿಲ್ಲ. ಅವನು ನಿಲ್ಲಿಸಲೂ ಇಲ್ಲ. ತೂಬು ಎತ್ತಿದ ಮೇಲೆ ಬಿಳಿ ದುಪ್ಪಟಿಯೊಂದು ನೀರಿನ ಮೇಲೆ ಬಂದದ್ದು, ಯಾರೋ ಒಗೆಯಲು ಬಂದವರು ಬಿಟ್ಟು ಓಡಿರಬೇಕೆಂದು ಅವನು ಮೊದಲು ನಕ್ಕದ್ದು, ಆಮೇಲೆ ಬಳೆಯಿದ್ದ ಕೈ ಕಂಡದ್ದು, ತೂಬು ಇಳಿಸಲು ಹೋಗಿ ಅಂಗೈ ಹರಿದುಕೊಂಡದ್ದು, ಕಾಲುವೆಯ ಉದ್ದಕ್ಕೂ ಓಡಿದ್ದು, ಅವಳ ಹೆಸರು ಆ ಹೊತ್ತಿನಲ್ಲಿ ನೆನಪಾಗದೆ ‘ಟೀಚರ್ ತಂಗೀ, ಟೀಚರ್ ತಂಗೀ’ ಎಂದು ಕೂಗಿದ್ದು, ಎಲ್ಲ ಹೇಳಿದ. ನಾನು ಪ್ರಶ್ನೆಗಳನ್ನು ಕೇಳಿದೆ. ಅವಳ ಕಣ್ಣು ತೆರೆದಿತ್ತಾ? ಮೇಲೆ ತಂದವರು ಯಾರು? ನೀನೇನಾ? ಅವಳ ತಲೆ ಯಾವ ಕಡೆಗಿತ್ತು? ಇಪ್ಪತ್ತಮೂರು ದಿನದಿಂದ ಇದನ್ನೆಲ್ಲ ಕೇಳಲು ನನಗೆ ಒಬ್ಬರೂ ಇರಲಿಲ್ಲ. ಬಂದವರೆಲ್ಲ ಧೈರ್ಯ ತಂದುಕೊಳ್ಳಿ ಎಂದು ಹೇಳಿ ಹೋಗಿದ್ದರು. ಅವನು ಯಾವುದನ್ನೂ ಮುಚ್ಚಿಡಲಿಲ್ಲ, ಯಾವುದನ್ನೂ ಚಂದ ಮಾಡಿ ಹೇಳಲಿಲ್ಲ. ಕೊನೆಗೆ ಇಬ್ಬರೂ ಅತ್ತೆವು. ಅಳು ನಿಂತಾಗ ಬಿಸಿಲು ಇಳಿದಿತ್ತು. ನಾನು ಅವನಿಗೆ ಕ್ಷಮಿಸಿದೆ ಎಂದು ಹೇಳಲಿಲ್ಲ. ನನಗೆ ಹಾಗೆ ಅನ್ನಿಸಿಯೂ ಇರಲಿಲ್ಲ. ಉಗಿಯಲು ಹೋದವಳು ಉಗಿಯದೆ ಬಂದೆ, ಅಷ್ಟೇ.

ಸೋಮವಾರ ಬೆಳಿಗ್ಗೆ ಓದುಮನೆ ಕಿಕ್ಕಿರಿದಿತ್ತು. ಹೆಂಗಸರು ಮದುವೆಗೆ ಬಂದಂತೆ ಹೂ ಮುಡಿದು ಬಂದಿದ್ದರು. ಗದ್ದೆಯ ಯಜಮಾನರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು, ಓದು ಮುಗಿದ ತಕ್ಷಣ ಕೆರೆಯ ಕಡೆಗೆ ಹೋಗಬೇಕಲ್ಲ. ಹೊರಗೆ ಆಳುಗಳು ಗುದ್ದಲಿ ಹಿಡಿದು ತಯಾರಾಗಿ ನಿಂತಿದ್ದರು. ಕಾಳಿಂಗನನ್ನು ತಂದು ಮಣೆಯ ಮೇಲೆ ಕೂರಿಸಿದರು. ಅವನ ಹೆಂಡತಿ ಸಣ್ಣತಾಯಮ್ಮ ಕಂಬದ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ನಾನು ಒಂದು ಮಾತು ಬಿಳಿ ಎಂದರೆ ಅವಳ ಗಂಡ ವಾಪಸ್ಸು ಗುಡಿಸಲಿಗೆ ಹೋಗುತ್ತಾನೆ, ಈ ಸಲ ಯಾವ ಕಾಲಕ್ಕೆ ಬರುತ್ತಾನೋ ಹೇಳುವವರಿಲ್ಲ. ಆದರೆ ಸುಳ್ಳು ಓದಿದರೆ ಇವರ ಗದ್ದೆಗೆ ನೀರು ಹರಿಯುತ್ತದೆ, ಜಾಗಟೆ ಇಲ್ಲೇ ಉಳಿಯುತ್ತದೆ, ವನಜ ಒಬ್ಬ ನೀರುಗಂಟಿಯ ಮರೆವಿಗೆ ಸತ್ತವಳಾಗುತ್ತಾಳೆ. ಎರಡು ದಿನ ಇದನ್ನೇ ತಲೆಯಲ್ಲಿ ಕಡೆದಿದ್ದೆ. ಬಿಳಿ ಎಂದು ಹೇಳಿ, ಅದರ ಹಿಂದೆಯೇ ಜಾಗಟೆಯ ಕಥೆ ಬಿಚ್ಚುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಜಾಗಟೆ ಬಾರಿಸಿದರು. ಒಂದು, ಎರಡು, ಮೂರು. ಪ್ರತಿ ಏಟಿಗೂ ಕಾಳಿಂಗನ ಭುಜ ಅದುರಿತು. ಅದನ್ನು ನೋಡಿದವಳು ನಾನೊಬ್ಬಳೇ.

ಪುಸ್ತಕ ತೆರೆದೆ. ಕೊನೆಯ ಹಾಳೆ ಮಗುಚಿದೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಿಳಿ ಇರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟೇ. ನಾನು ಇನ್ನೂ ಕುದಿಯುತ್ತಿದ್ದೇನೆ, ತಂಗಿ ಸತ್ತು ತಿಂಗಳಾಗಿಲ್ಲ, ನನ್ನನ್ನು ಕೇಳದೆ ಈ ಪುಟ ಅದು ಹೇಗೆ ನಿರ್ಧಾರ ಮಾಡಿತು? ಕಣ್ಣು ಮುಚ್ಚಿ ತೆರೆದೆ. ಅಕ್ಷರ ಹಾಗೇ ಇತ್ತು. ಹಳೆಯ ಕಪ್ಪು ಮಸಿ, ಐದಾರು ಸಾಲು. ಉಳಿದದ್ದೆಲ್ಲ ಖಾಲಿ ಜಾಗ. ಕಣ್ಣಾಡಿಸಿದೆ. ಎಲ್ಲಿಯೂ ಮಹಾತಾಯಿ ಇರಲಿಲ್ಲ. ಸಾವಿರ ಸೂರ್ಯರೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ನಾನು ಕೇಳಿದ ಪ್ರಶ್ನೆ ಸರಿಯಾಗಿತ್ತು.

ಗಟ್ಟಿಯಾಗಿ, ಪಾಠ ಓದುವ ದನಿಯಲ್ಲಿ ಓದಿದೆ: “ಚೆನ್ನಿ ಅವನನ್ನು ಎಬ್ಬಿಸಿದಳು. ಮುದ್ದೆ ಇಕ್ಕಿದಳು. ಅವನು ಉಂಡು ಕೈ ತೊಳೆದ ಮೇಲೆ, ಹೇಳು, ಎಂದಳು. ಅವನು ಹೇಳಿದನು. ಎಲ್ಲವನ್ನೂ ಹೇಳಿದನು. ಬೆಳಗಾಗುವವರೆಗೆ ಹೇಳಿದನು. ಚೆನ್ನಿ ಎದ್ದು ಹೋಗಲಿಲ್ಲ.”

ಪುಸ್ತಕದಿಂದ ತಲೆ ಎತ್ತಿದಾಗ ಇಡೀ ಓದುಮನೆ ಗುಸುಗುಸು ಎನ್ನುತ್ತಿತ್ತು. “ತಪ್ಪು ಓದ್ತಾವ್ಳೆ ಕಣಮ್ಮಿ,” ಎಂದು ಹಿಂದಿನಿಂದ ಒಬ್ಬಳು ಮುದುಕಿ ಹೇಳಿದಳು. ಯಾರೋ ನಕ್ಕರು. ಮರಿದೇವಯ್ಯನವರು ಮುಂದಿನ ಸಾಲಿನಿಂದ ಕೈ ಎತ್ತಿ ಸಮಾಧಾನ ಮಾಡಿದರು. “ದುಃಖದಲ್ಲಿ ಮರೆತುಹೋಗಿದೆ ಪಾಪ, ನಾನು ಹೇಳಿಕೊಡ್ತೀನಿ. ಹೇಳಿ ಟೀಚರೇ, ಆಗ ಆ ಮಹಾತಾಯಿಯು ಕುಡುಗೋಲನ್ನು...”

“ನಾನು ಪುಟ ನೋಡಿಕೊಂಡು ಓದ್ತಾ ಇದ್ದೀನಿ, ಮರಿದೇವಯ್ಯನವರೇ,” ಎಂದೆ. “ನೀವೂ ಓದಿದ್ದಿರಲ್ಲ, ನಿಮ್ಮ ತಮ್ಮನನ್ನು ಇಲ್ಲೇ ಕೂರಿಸಿಕೊಂಡು? ಆಗ ಇಲ್ಲಿ ಯಾವ ಮಹಾತಾಯಿ ಕಂಡಳು ನಿಮಗೆ?”

ಅವರ ಎತ್ತಿದ ಕೈ ಹಾಗೇ ನಿಂತಿತು. ಓದುಮನೆಯಲ್ಲಿ ಓದಿದವರು ಅವತ್ತು ಅಲ್ಲಿ ಹತ್ತು ಹನ್ನೆರಡು ಜನರಾದರೂ ಇದ್ದರು. ಒಬ್ಬರೂ ನನ್ನ ಕಡೆ ನೋಡಲಿಲ್ಲ, ಒಬ್ಬರನ್ನೊಬ್ಬರೂ ನೋಡಲಿಲ್ಲ. ಅವರ ಮೇಲೆ ನನಗೆ ಕರುಣೆ ಬರಬೇಕಿತ್ತೇನೋ. ಬರಲಿಲ್ಲ. ನನ್ನ ಅವ್ವ ಅಷ್ಟು ವರ್ಷ ಗಂಟಲಲ್ಲಿ ಮುಳ್ಳಿಟ್ಟುಕೊಂಡು ಬದುಕಿದ್ದು ಇವರ ತಲೆದೂಗುವಿಕೆಯಿಂದಲೇ.

ನಾನು ಮಣೆಯ ಕಡೆಗೆ ತಿರುಗಿದೆ. “ಹೇಳು, ಕಾಳಿಂಗಣ್ಣ,” ಎಂದೆ.

ಮಣೆಯ ಮೇಲೆ ಕೂತವರು ಮಾತಾಡುವಂತಿಲ್ಲ. ಅವನು ನನ್ನ ಮುಖ ನೋಡಿದ. ನಾನು ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವನು ಶುರುಮಾಡಿದ. ಗುಡಿಸಲಿನ ಮುಂದೆ ಹೇಳಿದ್ದನ್ನೆಲ್ಲ ಹೇಳಿದ, ಬೀಡಿಯಿಂದಲೇ ಶುರು ಮಾಡಿದ, ತನ್ನ ತಪ್ಪನ್ನು ಮೊದಲು ಹೇಳಿದ. ಸಣ್ಣತಾಯಮ್ಮ ಕಂಬಕ್ಕೆ ಹಣೆ ಇಟ್ಟು ಅತ್ತಳು. ಆಮೇಲೆ ಜಾಗಟೆಯ ವಿಷಯಕ್ಕೆ ಬಂದ. ಎಂಟು ದಿನ ಎಂದದ್ದು, ನಾಲ್ಕು ಸಲ ಕೇಳಿದ್ದು, ಬಾಯಿಲ್ವಾ ಎಂದದ್ದು. ಜನ ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಬಾಗಿಲ ಹತ್ತಿರ ತೂಗುಹಾಕಿದ್ದ ಜಾಗಟೆಯನ್ನು ನೋಡಿದರು. ಬಾರಿಸುವ ಕೋಲು ಹಿಡಿದು ನಿಂತಿದ್ದವನು ಕೋಲನ್ನು ಬೆನ್ನ ಹಿಂದೆ ಮಾಡಿಕೊಂಡ.

“ಸಾಕು ಸಾಕು,” ಎಂದು ಮರಿದೇವಯ್ಯನವರು ಎದ್ದರು. ಬೆಣ್ಣೆ ಕರಗಿಹೋಗಿತ್ತು. “ಓದು ಆಯ್ತು. ಪುಟ ಕಂಡಿತು, ಕ್ಷಮೆ ಆಯ್ತು, ಮುಗೀತು. ಕಾಳಿಂಗ, ಎದ್ದು ಹೋಗಿ ನೀರು ಬಿಡು. ಜನ ಕಾಯ್ತಾ ಇದ್ದಾರೆ. ಕೊಡಮ್ಮ ಇಲ್ಲಿ ಪುಸ್ತಕ.”

“ಯಾರ ಓದು ಆಯ್ತು?” ಎಂದು ನಾನೂ ಎದ್ದೆ. “ಇವನದು ಆಯ್ತು. ಇವನು ಇವತ್ತು ಮನೆಗೆ ಹೋಗ್ತಾನೆ. ನಾನೇ ಜೊತೆಯಲ್ಲಿ ಹೋಗಿ ಬಿಟ್ಟು ಬರ್ತೀನಿ. ನನ್ನ ತಂಗಿಯ ವಿಷಯ ಮುಗಿದಿಲ್ಲ.”

“ತಲೆ ಕೆಟ್ಟಿದೆ ಈಕೆಗೆ,” ಎಂದು ಅವರು ಸಭೆಗೆ ಹೇಳಿ, ಪುಸ್ತಕ ಕಿತ್ತುಕೊಳ್ಳಲು ನೇರ ಬಂದು ನನ್ನೆದುರಿಗೆ ನಿಂತರು. ನಾನು ಪುಸ್ತಕವನ್ನು ಬಿಗಿಯಾಗಿ ಹಿಡಿದೆ. ಪುಟ ತೆರೆದೇ ಇತ್ತು. ನೋಡನೋಡುತ್ತಿದ್ದಂತೆ ಮುದ್ದೆ ಅಳಿಸಿಹೋಯಿತು, ಬೆಳಗು ಅಳಿಸಿಹೋಯಿತು, ಚೆನ್ನಿಯ ಹೆಸರು ಅಳಿಸಿಹೋಯಿತು. ಹಾಳೆ ಹಸಿ ಸುಣ್ಣ ಹೊಡೆದ ಗೋಡೆಯ ಹಾಗಾಯಿತು.

“ಬಿಳಿ,” ಎಂದೆ. ಆ ಪದವನ್ನು ಅಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ. ಮತ್ತೊಮ್ಮೆ, ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದೆ. “ಪುಟ ಬಿಳಿ ಆಯ್ತು, ಮರಿದೇವಯ್ಯನವರೇ. ನೀವು ಎದುರಿಗೆ ಬಂದು ನಿಂತ ತಕ್ಷಣ.”

ಅವರು ಪುಸ್ತಕದ ಮೇಲಿಂದ ಕೈ ತೆಗೆದರು. ಬೆಂಬಲಕ್ಕೆ ಮುಂದಿನ ಸಾಲಿನ ಕಡೆ ನೋಡಿದರು. ಅಲ್ಲಿ ಕೂತ ಯಜಮಾನರು ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಹೊರಗಿದ್ದ ಆಳುಗಳು ಗುದ್ದಲಿ ಕೆಳಗಿಟ್ಟು ಬಾಗಿಲಲ್ಲಿ ತುಂಬಿಕೊಂಡಿದ್ದರು, ಹೊರಗೆ ಹೋಗಲು ದಾರಿ ಇರಲಿಲ್ಲ. ಕಾಳಿಂಗಣ್ಣ ನಿಧಾನವಾಗಿ ಮಣೆಯಿಂದ ಎದ್ದ. ತಾನು ಕೂತಿದ್ದ ಜಾಗವನ್ನು ಟವೆಲ್ಲಿನಿಂದ ಒರೆಸಿ, ಮಣೆಯನ್ನು ಅವರ ಕಾಲ ಬಳಿಗೆ ಸರಿಸಿ, ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತ.

“ಕೂತ್ಕೊಳ್ಳಿ,” ಎಂದೆ. “ಹೇಳಿ. ನಾನು ಎದ್ದು ಹೋಗೋದಿಲ್ಲ.”